ಮಧು ಹಣೆ ಬಡಿದುಕೊಳ್ಳುವ ಮುಂಚೆ

ಬ್ಯಾಡಗಿ
೧೨ ಮಾರ್ಚ್ ೨೦೨೫, ಬುಧವಾರ

ಮಧುವಿನ ಅಪ್ಪನವರಿಗೆ ಶಿವಲೀಲಾಳ ನಮಸ್ಕಾರ.

ಹೇಗಿದ್ದೀರಿ? ಗುಂಟೂರಿನ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿದ್ದುದು ನಿಂತಿತೇ? ಊಟ ಸೇರುವುದಿಲ್ಲವೆಂದು ಬರೀ ಮೊಸರನ್ನದ ಮೇಲೆ ಇರಬೇಡಿ. ಖಲಂದರನ ಲಾರಿ ಇವತ್ತು ಸಂಜೆ ಅತ್ತ ಹೊರಡುತ್ತದೆ. ಅವನ ಕೈಯಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಈ ಕಾಗದ ಕೊಡುತ್ತಿದ್ದೇನೆ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಮಗಳ ಮಾತು ಬಂದರೆ ನಾವಿಬ್ಬರೂ ದನಿ ಏರಿಸುತ್ತೇವೆ, ಮಾತು ಅರ್ಧಕ್ಕೇ ಉಳಿಯುತ್ತದೆ.

ಆರು ವರ್ಷವಾದರೂ ಮಾತು ಬಾರದ ಮಗಳು ಹಣೆಯನ್ನು ಗೋಡೆಗೆ ಬಡಿದುಕೊಳ್ಳುವುದನ್ನು ನೋಡಲಾರದೆ ನಿಮ್ಮ ಅಣ್ಣ ಕೊಟ್ರಪ್ಪ ಭಾವನವರು ಅಂಥ ಮಕ್ಕಳ ಹಾಸ್ಟೆಲ್ ಹುಡುಕಿದರು, ನೀವೂ ಹೂಂ ಅಂದಿರಿ, ಜೂನ್‌ನಲ್ಲಿ ಬಿಡುವುದೆಂದು ಆಯಿತು. ಸಂಕ್ರಾಂತಿ ಮುಗಿಸಿ ನೀವು ಮಾಲು ಖರೀದಿಗೆಂದು ಗುಂಟೂರಿಗೆ ಹೋದ ಮೇಲೆ, ಕೊನೆಗೊಂದು ಸಲ ನೋಡೋಣವೆಂದು ನಾನು ಅವಳನ್ನು ಹಾವೇರಿಯಲ್ಲಿ ಇಂಥ ಮಕ್ಕಳಿಗಿರುವ ತರಬೇತಿ ಕೇಂದ್ರಕ್ಕೆ ಕರೆದುಕೊಂಡು ಹೋಗತೊಡಗಿದೆ. ಅಲ್ಲಿ ಜ್ಯೋತಿಲಕ್ಷ್ಮಿ ಎಂಬ ಮೇಡಂ ಇದ್ದಾರೆ, ರಾಣೇಬೆನ್ನೂರಿನವರು. ಮಗಳನ್ನು ನೋಡುತ್ತಲೇ ಅವರು ಕೇಳಿದ್ದು, "ಎಷ್ಟ ಸಲ ಬಡ್ಕೋತಾಳ್ರಿ?"

"ಇಡೀ ದಿನಾ ರೀ. ಭಾಳ ಹಟಮಾರಿ ಆಗ್ಯಾಳ" ಅಂದೆ.

"ಹಟಾ ಕಣ್ಣಿಗೆ ಕಾಣಂಗಿಲ್ಲರಿ ಅಕ್ಕಾರ. ಕಂಡದ್ದಷ್ಟ ಬರೀರಿ" ಅಂದರು.

ಹಣೆ ಗೋಡೆಗೋ ನೆಲಕ್ಕೋ ತಾಗಿದರೆ ಮಾತ್ರ ಲೆಕ್ಕ. ಚೀರಿದ್ದು, ಕೈ ಎತ್ತಿದ್ದು ಲೆಕ್ಕಕ್ಕಿಲ್ಲ. ಯಾವಾಗ ಶುರುವಾಯಿತು, ಎಷ್ಟು ಹೊತ್ತು ನಡೆಯಿತು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಆದ ಕೂಡಲೇ ನಾವೇನು ಮಾಡಿದೆವು, ಇಷ್ಟು ಬರೆಯಬೇಕು. ಮೊದಲ ಎರಡು ವಾರ ಏನನ್ನೂ ಬದಲಾಯಿಸಬಾರದು, ಶುರುವಾದ ಮೇಲೆ ಹಣೆಗೂ ಗೋಡೆಗೂ ನಡುವೆ ದಿಂಬು ಹಿಡಿಯುವುದನ್ನು ಮಾತ್ರ ಬಿಡಬಾರದು. ನನಗೆ ಸಿಟ್ಟು ಬಂತು. ಮಗಳು ತಲೆ ಬಡಿದುಕೊಳ್ಳುವಾಗ ಗಡಿಯಾರ ನೋಡುವ ತಾಯಿ ಎಂಥವಳೆಂದು ರೈಲಿನಲ್ಲಿ ಕುಳಿತು ಅತ್ತೆ. ಆದರೂ ಬರೆದೆ.

ನಾನು ಗೋದಾಮಿಗೆ ಹೋದಾಗ ಮಧು ಪಕ್ಕದ ಮನೆಯ ಹುಸೇನಬಿಯ ಹತ್ತಿರ ಇರುತ್ತಾಳಲ್ಲ, ಹುಸೇನಬಿಗೆ ಬರೆಯಲು ಬಾರದು. ಹಾಗಾಗಿ ಒಂದೊಂದು ಸಲಕ್ಕೂ ಒಂದೊಂದು ಹುಣಸೆಬೀಜವನ್ನು ಡಬ್ಬಿಗೆ ಹಾಕುತ್ತಿದ್ದಳು. ಇಬ್ಬರ ನೋಟ ಒಂದೇ ಇದೆಯೋ ಇಲ್ಲವೋ ನೋಡಲು ಒಂದು ಭಾನುವಾರ ಜೊತೆಗೇ ಕುಳಿತು ಬೇರೆ ಬೇರೆ ಎಣಿಸಿದೆವು. ಅವಳದು ನನ್ನದಕ್ಕಿಂತ ಎಷ್ಟೋ ಹೆಚ್ಚು! ಮಧು ತಂಪಿಗೆಂದು ಗೋಡೆಗೆ ಹಣೆ ಒರಗಿಸಿದ್ದನ್ನೂ ಸೇರಿಸಿದ್ದಳು. "ಹಣಿ ಗ್ವಾಡಿಗೆ ಹತ್ತಿತೋ ಇಲ್ಲೋ? ಹತ್ತಿದ್ದ ಖರೇ ಹೌದಿಲ್ಲೋ?" ಎಂದು ನನ್ನ ಮೇಲೆಯೇ ಬಂದಳು. ಮೇಡಂ ಕೇಳಿ ನಕ್ಕು, ಸಪ್ಪಳ ಕೇಳಿಸಿದರೆ ಮಾತ್ರ ಎಣಿಸಿ ಎಂದು ತಿದ್ದಿದರು. ಆಮೇಲೆ ಇಬ್ಬರದೂ ಹೆಚ್ಚುಕಡಿಮೆ ಹೊಂದಿತು.

ಬರೆದದ್ದನ್ನು ಓದಿದಾಗ ನಾನೇ ಬೆರಗಾದೆ. ಇಡೀ ದಿನ ಎನ್ನುವುದು ಸುಳ್ಳು. ಗೋದಾಮಿನ ರಜೆಯ ದಿನಗಳಲ್ಲಿ ಬಡಿದುಕೊಳ್ಳುವುದು ತೀರಾ ಕಡಿಮೆ. ಕೆಲಸದ ದಿನ, ನಾನು ಮನೆಗೆ ಬಂದ ಮೇಲೆಯೇ ಹೆಚ್ಚು. ಮುಂಚೆ ಏನಾಗಿತ್ತು ಎಂಬಲ್ಲಿ ಮುಖ ತೊಳೆಸಿದೆ, ತಲೆ ಬಾಚಿದೆ, ಕಾಡಿಗೆ ಹಚ್ಚಿದೆ ಎಂದಿತ್ತು. ಬಿಟ್ಟು ಹೋಗುತ್ತೇನೆಂದು ನನ್ನ ಮೇಲೆ ಮುನಿಸು ಎಂದುಕೊಂಡೆ. ಮೇಡಂ ಮಾತ್ರ, "ಗೋದಾಮಿನ್ಯಾಗ ಏನ್ ಕೆಲಸಾ ಮಾಡ್ತೀರಿ?" ಎಂದು ಕೇಳಿದರು. ಮೆಣಸಿನಕಾಯಿ ತೊಟ್ಟು ತೆಗೆಯುತ್ತೇನೆ ಅಂದೆ. ನಮ್ಮೂರ ಕಾಯಿಗೆ ಅಷ್ಟು ಖಾರವಿಲ್ಲ, ಆದರೆ ಈ ಸಲ ನಮ್ಮ ಗೋದಾಮಿಗೆ ಬಂದದ್ದೆಲ್ಲ ಆಂಧ್ರದ ಮಾಲು. ನನ್ನ ಕೈಗೆ ರೂಢಿಯಾಗಿ ಉರಿಯೇ ತಿಳಿಯುವುದಿಲ್ಲ. ಸೋಪು ಹಚ್ಚಿ ತೊಳೆದರೂ ಖಾರ ಕೈಯಲ್ಲೇ ಉಳಿಯುತ್ತದಂತೆ.

ಆಗಲೂ ಅವರು ಇದೇ ಕಾರಣವೆಂದು ಹೇಳಲಿಲ್ಲ. "ಒಂದ ವಾರ ಮಾರಿ ತೊಳಸೂದು, ತಲಿ ಬಾಚೂದು, ಕಾಡಿಗಿ ಹಚ್ಚೂದು ಹುಸೇನಬಿನ ಮಾಡ್ಲಿ. ಉಳಿದದ್ದೆಲ್ಲಾ ಹಂಗ ಇರ್ಲಿ. ಎಲ್ಲಾ ಒಮ್ಮೆಲೇ ಬದಲ ಮಾಡಿದ್ರ ಯಾವುದರಿಂದ ಕಡಿಮಿ ಆತು ಅಂತ ತಿಳಿಯಂಗಿಲ್ಲ" ಅಂದರು. ಆ ವಾರ ಸಂಜೆಗಳು ಶಾಂತವಾದವು. ಮೂರನೆಯ ಸಂಜೆ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹುಸೇನಬಿ ಮಧುವಿನ ಕಣ್ಣು ಒರೆಸಿದರೂ ಅವಳು ಸುಮ್ಮನೆ ನಿಂತಿದ್ದಳು. ಉರಿ ಎನ್ನಲು ಅವಳಿಗೆ ಮಾತೆಲ್ಲಿತ್ತು? ಈಗ ಗೋದಾಮಿನಲ್ಲಿ ಕೈಗವಸು ಹಾಕುತ್ತೇನೆ, ಬಂದ ಮೇಲೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ ಆಮೇಲೆ ಸೋಪು. ಮುಖ ಮತ್ತೆ ನಾನೇ ತೊಳೆಸುತ್ತೇನೆ, ಬಡಿದುಕೊಳ್ಳುವುದಿಲ್ಲ.

ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಮೊಬೈಲ್ ಕಸಿದುಕೊಂಡರೆ ಈಗಲೂ ಬಡಿದುಕೊಳ್ಳುತ್ತಾಳೆ. ಬಡಿದುಕೊಂಡ ಕೂಡಲೇ ನಾವು ಅದನ್ನು ತಿರುಗಿ ಕೊಡುತ್ತಿದ್ದೆವು, ಅದೂ ಬರೆದದ್ದರಲ್ಲೇ ಗೊತ್ತಾಯಿತು. ಈಗ ಚಿತ್ರದ ಚೀಟಿ ತೋರಿಸಿ ಕೇಳುವುದನ್ನು ಕಲಿಸುತ್ತಿದ್ದಾರೆ. ಒಮ್ಮೊಮ್ಮೆ ತೋರಿಸುತ್ತಾಳೆ, ಒಮ್ಮೊಮ್ಮೆ ಚೀಟಿಯನ್ನೇ ಕಚ್ಚುತ್ತಾಳೆ. ನಿನ್ನೆ ಸಂಜೆ ನಾನು ಬಂದಾಗ ನನ್ನ ಕೈ ಹಿಡಿದು ಮೂಸಿ ನೋಡಿದಳು. ಆಮೇಲೆ ತೊಳೆಯಲು ತಾನಾಗಿಯೇ ಮುಖ ಒಡ್ಡಿದಳು.

ಹುಸೇನಬಿ ನಿಮಗೆ ಸಲಾಂ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ, ದೇವರು ನಿಮ್ಮನ್ನು ಆರಾಮಾಗಿ ಇಟ್ಟಿರಲಿ.

ನಿಮ್ಮ
ಶಿವಲೀಲಾ

ತಾ.ಕ.: ಖಲಂದರ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಮೊನ್ನೆ ಹಾಸ್ಟೆಲಿನವರು ಫೋನ್ ಮಾಡಿದ್ದರು. "ನಮ್ಮ ಮಧು ಬರಂಗಿಲ್ರಿ, ಆ ಜಾಗಾ ಬ್ಯಾರೆ ಕೂಸಿಗೆ ಕೊಡ್ರಿ" ಎಂದುಬಿಟ್ಟೆ. ಭಾವನವರಿಗೆ ಇನ್ನೂ ತಿಳಿಯದು. ಅವಳ ಬಟ್ಟೆಗೆಂದು ಹೊಸ ಟ್ರಂಕು ತೆಗೆದುಕೊಂಡು ಭಾನುವಾರ ಬರುವವರಿದ್ದಾರೆ. ಅದಕ್ಕೆ ಮುಂಚೆ ನೀವೇ ಅವರಿಗೆ ಹೇಳಬೇಕು.