ಕಾಫಿ ಮನೆಯಲ್ಲಿ ಒಂದು ಲೋಟ ಟೀ

ತ್ಯಾಗರಾಜನಗರ, ಬೆಂಗಳೂರು
ಭಾನುವಾರ, ೩ ಆಗಸ್ಟ್ ೨೦೨೫

ಪ್ರೀತಿಯ ವಸಿಷ್ಠಣ್ಣಾ,

ಹೇಗಿದ್ದೀಯ? ನೆಗಡಿ ಬಿಟ್ಟಿತಾ? ಕಾರವಾರದಲ್ಲಿ ಒಗೆದ ಬಟ್ಟೆ ಒಣಗುವುದೇ ಇಲ್ಲ ಎಂದು ಮೆಸೇಜ್ ಹಾಕಿದ್ದೆಯಲ್ಲ, ಅಂದಿನಿಂದ ಅಮ್ಮನಿಗೆ ಅದೇ ಚಿಂತೆ. ಒದ್ದೆ ಬನಿಯನ್ ಹಾಕಿಕೊಂಡು ಆಫೀಸಿಗೆ ಹೋಗಕೂಡದಂತೆ, ಇಸ್ತ್ರಿ ಪೆಟ್ಟಿಗೆ ಆಡಿಸಿಯಾದರೂ ಒಣಗಿಸಿಕೊಳ್ಳಬೇಕಂತೆ. ಹೇಳಿದ್ದೇನೆ, ನನ್ನ ಜವಾಬ್ದಾರಿ ಮುಗಿಯಿತು. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಮೆಟ್ಟಿಲು ಕಂಡಾಗ ಬರುತ್ತದೆ, ಗಾಂಧಿಬಜಾರಿನ ಹೂವಿನ ಅಂಗಡಿ ಕಂಡರೆ ಮಾಯವಾಗುತ್ತದೆ. ಅಪ್ಪ ಮೊದಲಿನ ಹಾಗೆಯೇ. ಒಂದು ವಿಷಯ ಮಾತ್ರ ನಿನಗೆ ಗೊತ್ತಿರಲಾರದು. ಟಿವಿಯಲ್ಲಿ ಕರಾವಳಿಯ ಮಳೆ ಸುದ್ದಿ ಬಂದರೆ ಎಲ್ಲರನ್ನೂ ಸುಮ್ಮನಿರಿಸಿ ಸೌಂಡ್ ಜಾಸ್ತಿ ಮಾಡುತ್ತಾರೆ. ನೀನು ಹವಾಮಾನದ ಆಫೀಸಿನಲ್ಲಿ ಕೂತು ಬರೆದುಕೊಂಡ ಮಳೆ ಅಲ್ಲವೇ ಅದು! 'ಕಾರವಾರದ್ದು ನಮ್ ವಸಿಷ್ಠ ಅಳೆದಿರೋದು' ಎಂದು ಯಾರು ಕೇಳಲಿ ಬಿಡಲಿ ಹೇಳುತ್ತಾರೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದರು. ಅವನು ಪಾಪ, 'ಹೌದಾ ಸಾರ್' ಎಂದು ತಲೆಯಾಡಿಸಿ ಹೋದ.

ಕೈಯಲ್ಲಿ ಮೊಬೈಲ್ ಇಟ್ಟುಕೊಂಡು ಇವಳಿಗೇನು ಕಾಗದ ಬರೆಯುವ ಹುಚ್ಚು ಎನ್ನಬೇಡ. ವಾಟ್ಸಾಪಿನಲ್ಲಿ ನಾನು ಎಷ್ಟುದ್ದ ಬರೆದರೂ ನೀನು ಒಂದು ಹೆಬ್ಬೆರಳು ತೋರಿಸಿ ಮುಗಿಸುತ್ತೀಯ. ಫೋನ್ ಮಾಡಿದರೆ ಎತ್ತುವುದಿಲ್ಲ. ನನ್ನದೇ ಎತ್ತುವುದಿಲ್ಲ ಎಂದ ಮೇಲೆ ಅಪ್ಪನದು ದೂರದ ಮಾತು. ಮಲ್ಲೇಶ್ವರದ ಆ ಹುಡುಗಿಯನ್ನು ನೋಡಲು ಹೋಗಿ ಬಂದ ಮೇಲೆ ನೀನು ಕೇಳಿಕೊಂಡು ಕಾರವಾರಕ್ಕೆ ವರ್ಗ ಮಾಡಿಸಿಕೊಂಡೆ. ಆಮೇಲೆ ಎರಡು ಗೌರಿ ಹಬ್ಬ ಬಂದು ಹೋದವು. ಎರಡು ಸಲವೂ ನಾನು ಹೊಸ ಬಟ್ಟೆ ಹಾಕಿಕೊಂಡು ಗೇಟಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ನಿನ್ನ ಧ್ವನಿ ಕೇಳಬೇಕು ಎನ್ನಿಸಿದಾಗ ನನ್ನ ಹಳೇ ಹುಟ್ಟುಹಬ್ಬದ ವಿಡಿಯೋ ಹಾಕಿಕೊಳ್ಳುತ್ತೇನೆ. ಅದರಲ್ಲಿ ನೀನು ಹಾಡುತ್ತೀಯ. ಹಾಡುವಾಗ ನಿನಗೆ ಎಲ್ಲೂ ತಡೆಯುವುದಿಲ್ಲವಲ್ಲ, ಚೆನ್ನಾಗಿಯೇ ಇದೆ. ಆದರೆ ನನಗೆ ಬೇಕಿರುವುದು ಹಾಡಲ್ಲ ಅಣ್ಣಾ, ನಿನ್ನ ಮಾತು. ನಿಂತು ನಿಂತು ಬರುವ ಆ ನಿನ್ನ ಮಾತೇ ಬೇಕು. ಅದಿಲ್ಲದೆ ಈ ಮನೆ ಬಿಕೋ ಎನ್ನುತ್ತದೆ.

ಈಗ ನನ್ನ ಸುದ್ದಿ. ಸ್ಪೀಚ್ ಥೆರಪಿ ಕೋರ್ಸಿನ ಕೊನೆಯ ವರ್ಷದ ಕ್ಲಿನಿಕ್ ಪೋಸ್ಟಿಂಗ್ ಶುರುವಾಗಿದೆ. ಇಷ್ಟು ದಿನ ನಾಲಿಗೆ, ಗಂಟಲು, ಮಿದುಳು ಎಂದು ಚಿತ್ರ ಬರೆದದ್ದಾಯಿತು, ಈಗ ಮಾತು ಕಷ್ಟವಾದ ನಿಜವಾದ ಮನುಷ್ಯರೇ ಎದುರಿಗೆ ಕೂರುತ್ತಾರೆ. ಚಾಮರಾಜಪೇಟೆಯಲ್ಲಿ ಒಂದು ಹಳೇ ಮನೆಯನ್ನೇ ಕ್ಲಿನಿಕ್ ಮಾಡಿದ್ದಾರೆ. ನಾನು ಥೆರಪಿ ಕೊಡುವ ಕೋಣೆ ಮೊದಲು ಯಾರದೋ ಅಡುಗೆಮನೆಯಾಗಿತ್ತು, ಗೋಡೆಯ ಮೇಲೆ ಒಗ್ಗರಣೆಯ ಕಲೆ ಇನ್ನೂ ಇದೆ. ಒಂದು ಕಡೆ ದೊಡ್ಡ ಗಾಜು. ನಮ್ಮ ಕಡೆಯಿಂದ ನೋಡಿದರೆ ಕನ್ನಡಿ, ಆ ಕಡೆಯಿಂದ ನೋಡಿದರೆ ಕಿಟಕಿ. ಅಲ್ಲಿ ಸಂಧ್ಯಾ ಮೇಡಂ ಕೂತು ನಾವು ಮಾಡುವುದನ್ನೆಲ್ಲ ನೋಡುತ್ತಿರುತ್ತಾರೆ. ಅವರು ಒಪ್ಪಿದರೇ ನಮಗೆ ಪಾಸು. ನನ್ನ ಮೊದಲ ಕೇಸು ಗಂಗಾಧರಯ್ಯ ಎಂಬ ತಾತ, ಪಾರ್ಶ್ವವಾಯು ಹೊಡೆದು ಮಾತು ಹೋಗಿದೆ. ಲೋಟದ ಚಿತ್ರ ತೋರಿಸಿ, ಇದೇನು ಎಂದು ಕೇಳಿ, ಕಾಯಬೇಕು. ಕಾಯುವುದೇನು ಮಹಾ ಎಂದುಕೊಂಡಿದ್ದೆ. ತಾತನ ತುಟಿ ನಡುಗುವುದನ್ನು ನೋಡಲಾರದೆ 'ಲೋಟ ಅಲ್ವಾ ತಾತ?' ಎಂದುಬಿಟ್ಟೆ. ಗಾಜಿನ ಹಿಂದಿನಿಂದ ಟಕ್ ಎಂದು ಸದ್ದು ಬಂತು, ಮೇಡಂ ಪೆನ್ನಿನಿಂದ ಕುಟ್ಟಿದ್ದು. ಆಮೇಲೆ ಹೊರಗೆ ಕರೆದು, 'ಅದು ಅವ್ರ ಮಾತು ಕಣಮ್ಮ, ನೀನ್ಯಾಕೆ ಕಿತ್ಕೊಂಡೆ?' ಎಂದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಿನ್ನದೇ ನೆನಪು.

ಉಗ್ಗಿನ ಬಗ್ಗೆ ಪಾಠ ಮಾಡುವಾಗ ಮೇಡಂ ಇನ್ನೊಂದು ವಿಷಯ ಹೇಳಿದರು. ಉಗ್ಗುವವರಲ್ಲಿ ಎಷ್ಟೋ ಜನ ತಮ್ಮನ್ನು ಎಡವಿಸುವ ಪದ ಬರುವುದನ್ನು ದೂರದಿಂದಲೇ ಕಂಡು, ಅದನ್ನು ಬಿಟ್ಟು ಬೇರೆ ಪದ ಹಿಡಿದು ದಾಟಿಕೊಳ್ಳುತ್ತಾರಂತೆ. ಹೇಳಬೇಕಾದ್ದು ಒಂದು, ಹೇಳಿ ಬರುವುದು ಇನ್ನೊಂದು. ನಾನು ಬರೆದುಕೊಳ್ಳುವುದನ್ನು ಅಲ್ಲೇ ನಿಲ್ಲಿಸಿದೆ. ಅಣ್ಣಾ, ನೀನು ಟೀ ಕುಡಿಯುವುದು ಯಾಕೆ? ನಮ್ಮದು ಎಂಥ ಮನೆ ಹೇಳು. ದೇವರ ದೀಪ ತಡವಾದರೂ ಡಿಕಾಕ್ಷನ್ ತಡವಾಗದ ಮನೆ. ಆ ಮನೆಯಲ್ಲಿ ಹುಟ್ಟಿ ನೀನೊಬ್ಬನೇ ಟೀ. ಸಾಯಂಕಾಲ ಬಂದು ಅಮ್ಮನನ್ನು ಕೇಳಿದೆ. ನೀನು ಚಿಕ್ಕವನಿದ್ದಾಗ ಕಮಲಮ್ಮತ್ತೆಯ ಮನೆಯಲ್ಲಿ ನಿನಗೇನು ಬೇಕೋ ಎಂದು ಕೇಳಿದರಂತೆ, ನೀನು 'ಕಾ ಕಾ' ಎನ್ನುತ್ತಾ ನಿಂತೆಯಂತೆ, ಅಲ್ಲಿದ್ದವರು ಕಾಗೆ ಬಂತು ಎಂದು ನಕ್ಕರಂತೆ. ಆಗ ಟೀ ಎಂದವನು ಆಮೇಲೂ ಟೀ ಎನ್ನುತ್ತಲೇ ಬಂದೆ. ನಿನಗೆಂದೇ ಮನೆಗೆ ಒಂದು ಟೀ ಪುಡಿ ಡಬ್ಬಿ ಬಂತು. ಆದರೆ ನನ್ನ ಲೋಟದ ತಳದಲ್ಲಿ ಉಳಿದ ಕಾಫಿಯನ್ನು ಯಾರೂ ನೋಡದಾಗ ಗುಟುಕರಿಸುತ್ತಿದ್ದವನು ಯಾರು? ತಣ್ಣಗಾದ ಎಂಜಲು ಕಾಫಿ! ಆಗ ಹೊಟ್ಟೆಬಾಕ ಎಂದು ರೇಗಿಸುತ್ತಿದ್ದೆ.

ಮುಂದಿನ ತಿಂಗಳು ನಮಗೆ ಉಗ್ಗಿನ ಕೇಸು ಕೊಡುತ್ತಾರೆ. ಅದಕ್ಕೆ ಮುಂಚೆ ಪ್ರತಿಯೊಬ್ಬರೂ ಗುರುತಿಲ್ಲದ ಜಾಗಕ್ಕೆ ಹೋಗಿ, ಬೇಕೆಂದೇ ಉಗ್ಗುತ್ತಾ ವ್ಯವಹಾರ ಮಾಡಿ ಬರಬೇಕು. ಜೊತೆಗೆ ಬಂದವರು ದೂರ ನಿಂತು, ಕೇಳಿಸಿಕೊಳ್ಳುವವರ ಮುಖ ಏನಾಗುತ್ತದೆ ಎಂದು ಗಮನಿಸಬೇಕು. ನನಗೆ ಮೈಯೆಲ್ಲ ಉರಿಯಿತು. ನಿನ್ನನ್ನು ಅಣಕಿಸಿದವನ ಸೈಕಲ್ ಗಾಳಿ ಬಿಟ್ಟು ಬಂದವಳು ನಾನು, ಈಗ ಅದೇ ಅಣಕವನ್ನು ಮಾರ್ಕ್ಸಿಗಾಗಿ ಮಾಡಬೇಕೇ? ಮೇಡಂ ಹತ್ತಿರ ಜಗಳವನ್ನೇ ಆಡಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. 'ಆಡ್ಕೊಳೋಕಲ್ಲ, ಆ ಜಾಗದಲ್ಲಿ ನಿಂತ್ಕೊಂಡು ಬಾ ಅಂತ' ಎಂದರು. ನನ್ನ ಜೊತೆ ಬರಬೇಕಾಗಿದ್ದ ಕುಶಾಲ್ ಎಂಬ ಕ್ಲಾಸ್‌ಮೇಟ್ ಜ್ವರ ಬಂದು ಮಲಗಿದ. ಅಪ್ಪ ಪೇಪರ್ ಮಡಿಸಿಟ್ಟು ಎದ್ದೇಬಿಟ್ಟರು. 'ನಾನ್ ಬರ್ತೀನಿ ನಡಿ. ಇಷ್ಟು ವರ್ಷ ಮೇಷ್ಟ್ರಾಗಿ ಮಕ್ಕಳ ಮುಖ ನೋಡಿದೀನಿ, ಇದೇನ್ ದೊಡ್ಡ ವಿಷಯ.' ಬಾಯಿ ಬಿಡಕೂಡದು ಎಂದು ಅಮ್ಮನ ಎದುರಿಗೇ ಮಾತು ತೆಗೆದುಕೊಂಡು ಹೊರಟೆ.

ಬಳೇಪೇಟೆಗೆ ಹೋದೆವು. ಅಪ್ಪ ಎದುರುಗಡೆ ಒಂದು ಕೈಗಾಡಿಯ ಪಕ್ಕ ಕೊಡೆ ಊರಿಕೊಂಡು ಪತ್ತೇದಾರನ ಹಾಗೆ ನಿಂತರು. ನಾನು ಬಳೆ ಅಂಗಡಿಯವನ ಮುಂದೆ 'ಹ… ಹ… ಹ…' ಎಂದು ಶುರು ಮಾಡಿದೆ. ಹಸಿರು ಬಳೆ ಎನ್ನುವುದು ನನ್ನ ಲೆಕ್ಕ. ಅವನು ಮೊದಲು ನನ್ನ ಬಾಯಿ ನೋಡಿದ, ಆಮೇಲೆ ಕೆಳಗೆ ನೋಡಿದ, ಪಕ್ಕದ ಹೆಂಗಸು ಅಯ್ಯೋ ಪಾಪ ಎಂಬ ಮುಖ ಮಾಡಿದಳು. ನನ್ನದು ನಾಟಕ ಎಂದು ನನಗೇ ಗೊತ್ತು, ಆದರೂ ಕಿವಿ ಬಿಸಿಯಾಗಿ ಅಂಗೈ ಬೆವರಿತು. ಅಷ್ಟರಲ್ಲಿ ಹಿಂದಿನಿಂದ, ಇಡೀ ಬೀದಿಗೆ ಕೇಳುವ ಹಾಗೆ, 'ಹಸಿರು ಬಳೆ ಕೊಡ್ರೀ, ಒಂದ್ ಡಜನ್! ಮಗು ಕೇಳ್ತಿರೋದು ಗೊತ್ತಾಗಲ್ವಾ?' ನಮ್ಮಪ್ಪ! ದ್ವಿಚಕ್ರ ವಾಹನಗಳ ಮಧ್ಯೆ ಹೇಗೆ ದಾಟಿ ಬಂದರೋ ಕಾಣೆ. ನನಗೆ ಬಂದ ಕೋಪಕ್ಕೆ ಅಲ್ಲೇ ಬೈಯುತ್ತಿದ್ದೆ. ತಿರುಗಿ ನೋಡಿದರೆ ಅವರ ಕಣ್ಣು ತುಂಬಿತ್ತು. ಸುಳ್ಳು ಉಗ್ಗು ಎಂದು ಗೊತ್ತಿದ್ದೂ ತಡೆಯಲಾಗಲಿಲ್ಲ ಅಣ್ಣಾ ಅವರಿಗೆ.

ಬಳೆಯ ಪೊಟ್ಟಣ ಹಿಡಿದು ಇಬ್ಬರೂ ಉಪ್ಪಾರಪೇಟೆಯವರೆಗೆ ನಡೆದೆವು. ಅಲ್ಲಿ ಒಂದು ದರ್ಶಿನಿಯ ಮುಂದೆ ಅಪ್ಪ ನಿಂತು, 'ನಾನೊಂದ್ಸಲ ಮಾಡ್ಲಾ?' ಎಂದು ಕೇಳಿದರು. ಯಾರು? ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕ್ ಕಿತ್ತುಕೊಂಡರೂ ಮಾತು ನಿಲ್ಲಿಸದ ನಮ್ಮ ರಾಮಸ್ವಾಮಿ ಮೇಷ್ಟ್ರು! ಸದ್ದೇ ಹೊರಡದೆ ಗಂಟಲಲ್ಲಿ ಕಟ್ಟಿಕೊಳ್ಳುವ ಬಗೆಯನ್ನು ಹೇಳಿಕೊಟ್ಟೆ. ಹೋಗಿ ಕ್ಯಾಷ್ ಕೌಂಟರಿನ ಮುಂದೆ ಬಾಯಿ ತೆರೆದು ನಿಂತರು. ಮಾತಿಲ್ಲ. ಹಿಂದಿನವನು 'ಬೇಗ ಹೇಳಿ ಯಜಮಾನ್ರೇ' ಎಂದ. ಮತ್ತೊಬ್ಬ ಪಕ್ಕದಿಂದ ಕೈ ಚಾಚಿ ತನ್ನ ಟೋಕನ್ ತೆಗೆದುಕೊಂಡ. ಕ್ಯಾಷಿಯರ್ ಅಪ್ಪನ ಮುಖವನ್ನೂ ನೋಡದೆ 'ಏನು, ಟೀನಾ? ಟೀ ಒಂದು' ಎಂದು ಟೋಕನ್ ಹರಿದು ಕೊಟ್ಟ. ಅಪ್ಪ ತಲೆಯಾಡಿಸಿಬಿಟ್ಟರು. ಜನ್ಮದಲ್ಲಿ ಟೀ ಮುಟ್ಟದವರು ಆ ಲೋಟ ಹಿಡಿದು ಮೂಲೆಗೆ ಬಂದು, ತಳ ಕಾಣುವವರೆಗೂ ಕುಡಿದರು. 'ಅಲ್ಲ, ಕಾಫಿ ಅನ್ನೋಕಿಂತ ಹೂಂ ಅಂದ್ಬಿಡೋದೇ ಸುಲಭ ಆಯ್ತು ಕಣೆ' ಎಂದರು. ಆಗ ನಾನು ಅವರಿಗೆ ನಿನ್ನ ಟೀ ಕಥೆ ಹೇಳಿದೆ. ಖಾಲಿ ಲೋಟವನ್ನು ಕೆಳಗಿಡದೆ ಕೇಳಿಸಿಕೊಂಡರು. ಬಸ್ ಹತ್ತಿದ ಮೇಲೆ, 'ಆ ಮನೇಲಿ ಅವನು ಎಲ್ಲಕ್ಕೂ ಹೂಂ ಹೂಂ ಅಂತಿದ್ದ. ನಾನು ಹೇಳ್ತಿರೋದು ಸರಿಯಾಗಿದೆ ಅಂದ್ಕೊಂಡೆ' ಎಂದರು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಆ ಮನೆ ಎಂದರೆ ಯಾವುದು ಎಂದು ನಿನಗೆ ಹೇಳಬೇಕಾಗಿಲ್ಲ. ಮಲ್ಲೇಶ್ವರದ ಆ ಹುಡುಗಿ ನಿನ್ನನ್ನೇ ನೋಡುತ್ತಾ ನಿಮಗೆ ಏನಿಷ್ಟ ಎಂದು ಕೇಳಿದಳು, ನೀನು ಬಾಯಿ ತೆರೆದೆ, ಅಪ್ಪ ನಡುವೆ ಬಂದು ಪುಸ್ತಕ ಎಂದರು. ಹುಡುಗನಿಗೆ ಮಾತು ಬರುತ್ತೋ ಇಲ್ಲವೋ ಎಂದು ಅವಳ ತಾಯಿ ಒಳಗೆ ಕೇಳಿದ್ದು ಹೊರಗೆ ನಮಗೂ ಕೇಳಿಸಿತು. ಕಾರವಾರಕ್ಕೆ ಹೊರಟ ದಿನ ಸ್ಟೇಷನ್ನಿನಲ್ಲಿ ನೀನು ನನಗೆ ಒಂದೇ ಮಾತು ಹೇಳಿದೆ, ಬಹಳ ಕಷ್ಟಪಟ್ಟು ಹೇಳಿದೆ: 'ಅಪ್ಪಂಗೆ ನನ್ ಬಗ್ಗೆ ನಾಚ್ಕೆ.' ರೈಲು ಹೊರಟುಹೋಯಿತು, ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ. ನಾಚಿಕೆಯಲ್ಲ ಅಣ್ಣಾ. ನೀನು ಕಷ್ಟಪಡುವುದನ್ನು ನೋಡುವ ಶಕ್ತಿ ಅವರಿಗಿಲ್ಲ, ಅದಕ್ಕೇ ಮುಗ್ಗರಿಸಿಕೊಂಡು ಬಂದು ನಿನ್ನ ಮಾತನ್ನು ತಾವೇ ಆಡಿಬಿಡುತ್ತಾರೆ. ಅದರಿಂದ ನಿನಗಾದ ನೋವೇನೂ ಕಡಿಮೆಯಲ್ಲ. ಅವರು ಮಾಡಿದ್ದು ಸರಿ ಎಂದು ನಾನು ಹೇಳುವುದೂ ಇಲ್ಲ. ಆದರೆ ನಿನಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಈಗ ನಮ್ಮ ಮನೆಯೇ ಕ್ಲಿನಿಕ್. ಊಟವಾದ ಮೇಲೆ ನಾನು ಉಗ್ಗುತ್ತಾ ಏನಾದರೂ ಹೇಳಬೇಕು, ಅಪ್ಪ ಬಾಯಿ ಮುಚ್ಚಿಕೊಂಡು ಕಾಯಬೇಕು. ಸಂಧ್ಯಾ ಮೇಡಂ ಕೆಲಸ ಅಮ್ಮನದು. ಅಪ್ಪನ ತುಟಿ ಅಲ್ಲಾಡಿದರೆ ಸಾಕು, ಸೌಟಿನಿಂದ ಪಾತ್ರೆಯ ಮೇಲೆ ಟಕ್ ಎನ್ನಿಸುತ್ತಾಳೆ. ಇಷ್ಟು ವರ್ಷದ ಸೇಡನ್ನೆಲ್ಲ ತೀರಿಸಿಕೊಳ್ಳುತ್ತಿದ್ದಾಳೆ ಎಂದು ನನ್ನ ಗುಮಾನಿ. ಮೊದಲ ದಿನ ಅಡುಗೆಮನೆ ಕಂಚುಗಾರರ ಬೀದಿಯಾಗಿತ್ತು. ನಿನ್ನೆ ಒಂದು ಸಲವೂ ಟಕ್ ಬರಲಿಲ್ಲ. ಅಪ್ಪ ಪಂಚೆಯ ಅಂಚು ಹಿಡಿದುಕೊಂಡು, ನನ್ನ ಮುಖವನ್ನೇ ನೋಡುತ್ತಾ, ಮಾತು ಮುಗಿಯುವವರೆಗೂ ಕೂತಿದ್ದರು.

ಕಾಗದ ಉದ್ದವಾಯಿತು, ಅಮ್ಮ ಲೈಟ್ ಆರಿಸು ಎನ್ನುತ್ತಿದ್ದಾಳೆ. ಅವಳ ಆಶೀರ್ವಾದವನ್ನೂ ಸ್ವಲ್ಪ ಬೈಗುಳವನ್ನೂ ಸೇರಿಸಿ ಕಳಿಸಿದ್ದೇನೆ. ಮೈ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನನ್ನು ಕಾಣದೆ ಸೊರಗಿರುವ (ತೂಕ ಮಾತ್ರ ಇಳಿದಿಲ್ಲ) ತಂಗಿ,
ಮಧುರಾ

ಮರೆತಿದ್ದೆ: ಬರುವ ಭಾನುವಾರ ತಿಂಡಿ ಆದ ಮೇಲೆ ಅಪ್ಪ ನಿನಗೆ ಫೋನ್ ಮಾಡುತ್ತಾರೆ. ಎತ್ತು ಅಣ್ಣಾ, ಇದೊಂದು ಸಲ ಎತ್ತು. ನಡುವೆ ಟಕ್ ಎಂದರೆ ಗಾಬರಿಯಾಗಬೇಡ, ಅದು ಅಮ್ಮ. ಗೌರಿ ಹಬ್ಬಕ್ಕೆ ಬಂದಾಗ ನಿನಗೆ ಕುಡಿಯಲು ಏನು ಮಾಡಿಡಬೇಕು ಎಂದು ಅಪ್ಪ ಕೇಳುತ್ತಾರೆ, ಕೇಳಿ ಸುಮ್ಮನಾಗುತ್ತಾರೆ. ಉತ್ತರ ನಮಗೆಲ್ಲ ಗೊತ್ತು, ಆದರೆ ಯಾರೂ ಹೇಳುವುದಿಲ್ಲ. ನೀನೇ ಹೇಳಬೇಕು. ಎಷ್ಟು ಹೊತ್ತಾದರೂ ಈ ಕಡೆ ಯಾರೂ ಫೋನ್ ಇಡುವುದಿಲ್ಲ.