ಮಂಡಿಯೆತ್ತರದ ಕ್ಯಾಲೆಂಡರ್

ಶಿಡ್ಲಘಟ್ಟ
ಫೆಬ್ರವರಿ 16, 2025, ಭಾನುವಾರ

ಅಮ್ಮಾ,

ನಿನ್ನ ತನುಜ ಕಾಲು ಮುಟ್ಟಿ ಮಾಡುವ ನಮಸ್ಕಾರ. ಇದನ್ನು ಮನೆಯೊಳಗೆ ಓದಬೇಡ. ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ ಕೊಟ್ಟಿಗೆಗೆ ಹೋಗಿ ಓದು. ಫೋನ್ ಮಾಡಿದರೆ ಅಪ್ಪ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಾನೆ, ಅದಕ್ಕೇ ಈ ಕಾಗದ. ದಿನಾ ಬೆಳಿಗ್ಗೆ ಡೈರಿಯಲ್ಲಿ ನಿನ್ನ ಜೊತೆ ಹಾಲು ಹಾಕುವ ಶ್ಯಾಮಲಮ್ಮನ ಕೈಲಿ ಕಳಿಸುತ್ತಿದ್ದೇನೆ. ಅಪ್ಪನಿಗೆ ಬಹುವಚನ ಹಾಕಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಹಾಕಲು ಹೋದೆ, ಪೆನ್ನು ಒಪ್ಪಲಿಲ್ಲ.

ಬಂದಾಗ ಆಗಲಿಲ್ಲ, ಬರುವ ಶುಕ್ರವಾರವಾದರೂ ಈ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಬೇಕು, ಅದನ್ನು ನೀನೇ ಬಂದು ಮಾಡಬೇಕು ಅಂತ ಹೇಳಿ ಕಳಿಸಿದ್ದೆ. ಹೊಸಲು ದಾಟಿದರೆ ಕಾಲು ಮುರಿಯುತ್ತೇನೆ ಅಂದನಂತೆ ಅಪ್ಪ. ನೀನು, 'ನಾನು ಬರಕ್ಕಾಗಲ್ಲಮ್ಮ, ಮನೆ ಹೆಂಗೆ ಜೋಡಿಸ್ಕೊಂಡಿದ್ದೀಯ ಅಂತ ಬರೆದು ಕಳ್ಸು, ಸಾಕು' ಅಂದೆಯಂತೆ. ನನಗೆ ಸಾಲದು. ಆದರೂ ಕೇಳಿದ್ದೀಯಲ್ಲ, ಬರೆಯುತ್ತೇನೆ.

ಮನೆ ಮಹಡಿಯ ಮೇಲಿದೆ. ಒಂದು ಹಾಲ್, ಒಂದು ರೂಮು, ಅಡಿಗೆಮನೆ. ಕೆಳಗೆ ಓನರ್ ಅಮ್ಮಾಜಮ್ಮ ಇದ್ದಾರೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಘಟಕ ಅವರದು, ಆ ವಾಸನೆಗೆ ಮೊದಲ ವಾರ ಕಿಟಕಿ ಮುಚ್ಚಿಕೊಂಡೇ ಇದ್ದೆ, ಈಗ ಹಸಿವಾಗುತ್ತದೆ. ನಮ್ಮ ನರ್ಸಿಂಗ್ ಹೋಮಿನ ಲಾವಣ್ಯ ಬಂದು ಬರಿಗೋಡೆ ನೋಡಿ ತಲೆ ಚಚ್ಚಿಕೊಂಡಳು. ಮನೆ ಅಲಂಕಾರದ ವಿಡಿಯೋಗಳನ್ನೆಲ್ಲ ಫೋನಿನಲ್ಲಿ ತೋರಿಸಿ, 'ನಿನ್ನ ಸ್ಟೈಲ್ ಯಾವ್ದು ಅಂತ ಮೊದ್ಲು ಗೊತ್ತು ಮಾಡ್ಕೋಬೇಕು ಕಣೇ' ಅಂದಳು. ಪೇಂಟ್ ಅಂಗಡಿಯ ರಮೇಶ್‌ಬಾಬು ಬಣ್ಣದ ಪುಸ್ತಕ ಬಿಚ್ಚಿಟ್ಟು, ಯಾವ ಬಣ್ಣ ಇಷ್ಟ ಮೇಡಂ ಅಂತ ಕೇಳಿದ. ಅಮ್ಮಾ, ನಾನು ಆ ಪುಸ್ತಕದ ಹಾಳೆ ತಿರುವುತ್ತಲೇ ಹೋದೆ. ಅಲ್ಲಿಯವರೆಗೆ ನಾನು ಪರದೆಯಾಗಲಿ, ಹಾಸಿಗೆಯಾಗಲಿ, ನೈಟಿಯಾಗಲಿ, ರಕ್ತ ಕಾಣದ ಬಣ್ಣವನ್ನೇ ಆರಿಸುತ್ತಿದ್ದೆ. ಅದನ್ನು ಆ ಅಂಗಡಿಯಲ್ಲಿ ನಿಂತಾಗಲೇ ನಾನು ಕಂಡುಕೊಂಡಿದ್ದು. ಬಿಳಿ ಕೊಡಪ್ಪಾ ಅಂದೆ. ಬಿಳಿ ಬೇಗ ಕೊಳೆಯಾಗುತ್ತೆ ಅಂದ. ಆಗಲಿ, ಕಾಣಲಿ ಅಂದೆ.

ಈ ಅಲಂಕಾರ ಅನ್ನುವುದನ್ನು ನಾನು ಕಲಿತಿದ್ದು ನಿನ್ನಿಂದ. ದಿಬ್ಬೂರಹಳ್ಳಿಯ ನಮ್ಮ ಮನೆಯ ಮಣ್ಣುಗೋಡೆಗೆ ಎಷ್ಟು ಕ್ಯಾಲೆಂಡರ್! ಗೊಬ್ಬರದಂಗಡಿಯ ಲಕ್ಷ್ಮಿ, ಬಟ್ಟೆಯಂಗಡಿಯ ವೆಂಕಟರಮಣ, ಯಾವ ಕಾಲದ್ದೋ ತಾರೀಖಿನ ಗಣೇಶ. ಒಂದೂ ಕಣ್ಣಿನ ಎತ್ತರಕ್ಕಿಲ್ಲ. ಒಂದು ಸೊಂಟದ ಹತ್ತಿರ, ಒಂದು ಬಾಗಿಲ ಹಿಂದೆ, ಲಕ್ಷ್ಮಿಯಂತೂ ಮಂಡಿಯೆತ್ತರಕ್ಕೆ. ಕೋನಪ್ಪ ಮಾವ ಬಂದಾಗೆಲ್ಲ, 'ಏನಮ್ಮಾ ಮುನಿಗಂಗಮ್ಮ, ನಿಮ್ಮನೆ ಲಕ್ಷ್ಮಿ ಬೆಕ್ಕಿಗೆ ದರ್ಶನ ಕೊಡ್ತಾಳಾ?' ಅಂತ ಕಿಚಾಯಿಸುತ್ತಿದ್ದರು. ಮಕ್ಕಳಿಗೆ ಕಾಣಲಿ ಅಂತ ಹಾಕಿದ್ದೀನಣ್ಣ ಅಂತ ನೀನು ನಗುತ್ತಿದ್ದೆ. ನಾನು ನಂಬಿಕೊಂಡು ದಿನಾ ಸ್ಕೂಲಿಗೆ ಹೋಗುವಾಗ ಕುಕ್ಕರುಗಾಲಲ್ಲಿ ಕೂತು ಆ ಲಕ್ಷ್ಮಿಗೆ ಕೈಮುಗಿಯುತ್ತಿದ್ದೆ.

ಎರಡನೇ ಕ್ಲಾಸಿನಲ್ಲಿ ಒಂದು ದಿನ ಹಲ್ಲಿ ಓಡಿತು ಅಂತ ಅದನ್ನು ಎತ್ತಿ ನೋಡಿದೆ. ಸುಣ್ಣ ಉದುರಿ, ಮಣ್ಣು ಒಳಕ್ಕೆ ಕುಸಿದು ಬೋಗುಣಿಯಷ್ಟು ಹಳ್ಳವಾಗಿತ್ತು. ಅದರ ಅಂಚಿಗೆ ನಿನ್ನ ಕೂದಲು ಅಂಟಿತ್ತು, ಉದ್ದ ಕೂದಲು. ಹಿಂದಿನ ರಾತ್ರಿಯೂ ಸಾರು ಆರಿದೆ ಅಂತ ಅಪ್ಪ ಶುರು ಮಾಡಿದ್ದ. ಕೋಪ ಬಂದರೆ ಅವನಿಗೆ ತೆಲುಗು ಬರುತ್ತದಲ್ಲ, ಬಾಯಿ ಮುಚ್ಚೇ ಅನ್ನುವ ಬದಲು 'ನೋರು ಮುಯ್ಯವೇ' ಅಂತ ಅರಚಿದ್ದು, ಆಮೇಲೆ ದಬ್ ದಬ್ ಅಂತ ಸದ್ದು. ನಾನು ಕಂಬಳಿಯೊಳಗೆ ಬಾಯಿ ಮುಚ್ಚಿಕೊಂಡಿದ್ದೆ. ಬೆಳಿಗ್ಗೆ ಜಗಲಿಯ ಮೇಲೆ ಅದೇ ಅಪ್ಪ, ಊರವರ ಪಾಲಿನ ವೆಂಕಟರಾಮಪ್ಪನವರು, ಯಾರದೋ ಗಂಡಹೆಂಡಿರ ಜಗಳ ಬಿಡಿಸಿ ನ್ಯಾಯ ಹೇಳುತ್ತಿದ್ದರು. ನೀನು ತಲೆಗೆ ಸೆರಗು ಹೊದ್ದು ಎಲ್ಲರಿಗೂ ಕಾಫಿ ಕೊಟ್ಟೆ. ಥೂ!

ಚಿಂತಾಮಣಿಯ ನನ್ನ ಗಂಡನ ಮನೆಯನ್ನು ನೀನು ನೋಡಿದ್ದೀಯ. ಹರಿಕೃಷ್ಣನದು ಟೈಲ್ಸ್ ಅಂಗಡಿ, ಕೇಳಬೇಕಾ? ಕನ್ನಡಿಯಂಥ ನೆಲ, ಲೈಟು ಹಾಕಿದ ಷೋಕೇಸು. ಬಂದವರೆಲ್ಲ ನನ್ನ ಅಳಿಯನ ಟೇಸ್ಟು ನೋಡಿ ಅಂತ ನೀನೇ ಹೇಳುತ್ತಿದ್ದೆ. ಅವನು ನನ್ನನ್ನು ಕೆಡವಿದಾಗ ಟೈಲ್ಸ್ ಒಡೆದರೆ ಮಾರನೇ ದಿನವೇ ಅಂಗಡಿಯಿಂದ ಅದೇ ಡಿಸೈನ್ ತಂದು ಕೂರಿಸುತ್ತಿದ್ದ. ಗೆರೆಯೂ ಕಾಣದ ಹಾಗೆ. ನನ್ನ ಮುಂದಿನ ಹಲ್ಲಿಗೆ ಮಾತ್ರ ಮ್ಯಾಚಿಂಗ್ ಸಿಗಲಿಲ್ಲ. ಆ ಹಲ್ಲು ನೋಡಿದ ದಿನ ನೀನು ಏನೂ ಕೇಳದೆ, 'ಸುಧಾರಿಸ್ಕೊಂಡು ಹೋಗಮ್ಮ' ಅಂದೆ. ಹೊರಡುವಾಗ ಚೀಲದಿಂದ ಒಂದು ಕ್ಯಾಲೆಂಡರ್ ತೆಗೆದು ನನ್ನ ಕೈಗಿಟ್ಟೆ. ಆಗ ನಿನ್ನ ಮೇಲೆ ಬಂದ ಕೋಪ ಅವನ ಮೇಲೂ ಬಂದಿರಲಿಲ್ಲ.

ಆ ಕ್ಯಾಲೆಂಡರ್ ಬೀರುವಿನಲ್ಲೇ ಇತ್ತು. ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಅವನು ಬೂಟುಗಾಲಲ್ಲಿ ಒದ್ದ ರಭಸಕ್ಕೆ ನಾನು ಗೋಡೆಗೆ ಬಡಿದು, ಪುಟ್ಟಿಯೆಲ್ಲ ಚಕ್ಕೆ ಎದ್ದು ಬಂತು. ಬೆಳಿಗ್ಗೆ ನಾನು ಸುತ್ತಿಗೆ, ಮೊಳೆ ತಗೊಂಡು, ಕ್ಯಾಲೆಂಡರನ್ನು ಬಾಯಲ್ಲಿ ಕಚ್ಚಿಕೊಂಡು ನೆಲದ ಮೇಲೆ ಕೂತು ಮೊಳೆ ಹೊಡೆಯುತ್ತಿದ್ದೆ. ಮಂಡಿಯೆತ್ತರಕ್ಕೆ! ಅಯ್ಯೋ, ನಾನು ಮುನಿಗಂಗಮ್ಮನೇ ಆಗಿಬಿಟ್ಟೆನಲ್ಲ ಅನ್ನಿಸಿ ಕೈ ನಿಂತಿತು. ಅಷ್ಟರಲ್ಲಿ ಅವನು ಬಂದು, 'ಬಿಡೇ, ಪುಟ್ಟಿ ತಂದು ಹಾಕಿಸ್ತೀನಿ' ಅಂತ ನಕ್ಕ. ಆ ನಗು ಕೇಳಿ ನಾನು ತಿರುಗಿ ನೋಡಿದೆ. ಹಂಗೇನೇ ಗುರಾಯಿಸೋದು ಅಂತ ಕಾಲೆತ್ತಿದ. ಅವನು ಊರಿಕೊಂಡಿದ್ದ ಇನ್ನೊಂದು ಪಾದದ ಮೇಲೆ ಸುತ್ತಿಗೆ ಇಳಿಸಿದೆ. ಮೂಳೆ ಮುರಿದ ಸದ್ದು ನರ್ಸಿಗೆ ಗೊತ್ತಾಗದೆ ಇರುತ್ತದಾ? ಕೆಳಗೆ ಬಿದ್ದು ಅವ್ವಾ ಅಂತ ಹೊರಳಾಡಿದ. ನಾನು ಬ್ಯಾಗಿಗೆ ನಾಲ್ಕು ಬಟ್ಟೆ, ಸುತ್ತಿಗೆ ಹಾಕಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಪಾಪ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ.

ಇಲ್ಲಿಗೆ ಬಂದ ಹೊಸತರಲ್ಲಿ ನನ್ನ ಸ್ಟೈಲು ಒಂದೇ ಇತ್ತು, ಎತ್ತಿ ಎಸೆಯುವಂಥ ವಸ್ತು ಮನೆಯಲ್ಲಿ ಇರಕೂಡದು. ಚಾಪೆ, ದಿಂಬು, ಪ್ಲಾಸ್ಟಿಕ್ ಡಬ್ಬ. ದಿಂಬಿನ ಕೆಳಗೆ ಸುತ್ತಿಗೆ. ಬಿಳಿ ಬಣ್ಣ ಬಳಿದ ಮೇಲೆ ಸ್ವಲ್ಪ ಧೈರ್ಯ ಬಂತು. ಗಾಜಿನ ಲೋಟ ತಂದೆ. ನಮ್ಮ ಮನೆಯಲ್ಲಿ ಗಾಜು ಅನ್ನುವುದೇ ಇರಲಿಲ್ಲವಲ್ಲ, ಟೀ ಕುಡಿಯುತ್ತಾ ಅದರ ಬಣ್ಣ ನೋಡಿಕೊಂಡು ಕೂತೆ. ಆಮೇಲೆ ಚಟ್ನಿಗೆ ಅಂತ ರುಬ್ಬುವ ಕಲ್ಲು ತಂದೆ. ಅದೊಂದು ತರಬಾರದಿತ್ತು.

ಕಳೆದ ತಿಂಗಳ ಕೊನೆಯಲ್ಲಿ ಅವನು ಬಂದ. ಕುಂಟಿಕೊಂಡೇ ಮೆಟ್ಟಿಲು ಹತ್ತಿ ಬಾಗಿಲಿಗೆ ಒದ್ದ, ಚಿಲಕ ಕಿತ್ತು ಬಂತು. ಒಂದೂ ಬಿಡದೆ ಲೋಟ ಒಡೆದ. ಗುಂಡುಕಲ್ಲು ಎತ್ತಿ ನನ್ನ ತಲೆಗೆ ಬೀಸಿದ. ನಾನು ಬಗ್ಗಿದೆ, ಕಲ್ಲು ಗೋಡೆಗೆ ಬಡಿದು ಇಟ್ಟಿಗೆ ಕಾಣುವಂತೆ ತೂತಾಯಿತು. ಕೂದಲು ಹಿಡಿದು ಗಾಜಿನ ಚೂರಿನ ಮೇಲೆ ಎಳೆದಾಡುತ್ತಿದ್ದಾಗ ಅಮ್ಮಾಜಮ್ಮ ಗೂಡು ಬೇಯಿಸುವ ಕುದಿನೀರನ್ನು ಬಕೆಟ್ಟಿನಲ್ಲೇ ಹೊತ್ತು ತಂದರು. 'ನನ್ ಮನೇಲಿ ಹೆಣ್ಮಗಳ ಮೇಲೆ ಕೈ ಮಾಡ್ತೀಯೇನೋ ನಾಯಿ' ಅಂತ ಅವನ ಬೆನ್ನಿಗೆ ಸುರಿದರು. ಬೆನ್ನ ಚರ್ಮ ಅಂಗಿಯ ಜೊತೆಗೇ ಸುಲಿದು ಬಂತು. ಸುಟ್ಟ ಗಾಯದ ಮೇಲೆ ಮೊದಲು ತಣ್ಣೀರು ಬಿಡಬೇಕು ಅಂತ ನನಗೆ ಗೊತ್ತಿತ್ತು. ನಲ್ಲಿಯೂ ಎರಡು ಹೆಜ್ಜೆಯಲ್ಲೇ ಇತ್ತು. ನಾನು ಸುಮ್ಮನೆ ನಿಂತು ನೋಡಿದೆ.

ಆಮೇಲೆ ಪೊಲೀಸರಿಗೆ ದೂರು ಕೊಟ್ಟಿದ್ದು, ಮಾನ ಹೋಯಿತು ಅಂತ ಅಪ್ಪ ಕುಣಿದಿದ್ದು ನಿನಗೆ ಗೊತ್ತೇ ಇದೆ. ಅಂಗಾಲಿಗೆ ಹೊಲಿಗೆ ಹಾಕಿಸಿಕೊಂಡು ಬಂದು ಚಾಪೆಯ ಮೇಲೆ ಕೂತರೆ ಎದುರಿಗೆ ಆ ತೂತು. ಗಾರೆಯವನನ್ನು ಕಳಿಸುತ್ತೇನೆ ಅಂದರು ಅಮ್ಮಾಜಮ್ಮ. ಲಾವಣ್ಯ ನವಿಲಿನ ಚಿತ್ರಕ್ಕೆ ಫ್ರೇಮು ಹಾಕಿಸಿಕೊಂಡೇ ಬಂದಳು, ಇದನ್ನ ನೇತಾಕು, ಗೊತ್ತೇ ಆಗಲ್ಲ ಅಂದಳು. ಪಾಪ, ಪ್ರೀತಿಯಿಂದ ತಂದಿದ್ದಳು. ಅದನ್ನು ರೂಮಿನಲ್ಲಿ ಹಾಕಿದೆ, ಕಣ್ಣಿನ ಎತ್ತರಕ್ಕೆ. ತೂತಿನ ಸುತ್ತ ಮಾತ್ರ ಕೆಮ್ಮಣ್ಣು ಕಲಸಿಕೊಂಡು, ನೀನು ಹಬ್ಬಕ್ಕೆ ಹೊಸಲಿಗೆ ಎಳೆಯುತ್ತೀಯಲ್ಲ, ಅದೇ ಅಂಚು ಎಳೆದೆ. ಮೂರು ಗೆರೆ, ಮಧ್ಯೆ ಚುಕ್ಕಿ. ಚೆನ್ನಾಗಿ ಬಂದಿದೆ ಕಣಮ್ಮ. ಬಂದವರೆಲ್ಲ ಅದೇನು ಅಂತ ಕೇಳುತ್ತಾರೆ. ನನ್ನ ಗಂಡ ಗುಂಡುಕಲ್ಲು ಬೀಸಿದ ಜಾಗ ಅಂತ ಹೇಳುತ್ತೇನೆ. ಕೆಲವರು ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾರೆ, ಕೆಲವು ಹೆಂಗಸರು ಇನ್ನೂ ಸ್ವಲ್ಪ ಹೊತ್ತು ಕೂರುತ್ತಾರೆ. ನನಗೆ ಈ ಮನೆ ನನ್ನದು ಅನ್ನಿಸಿದ್ದು ಆ ಗೆರೆ ಎಳೆದ ಮೇಲೆ.

ಇಷ್ಟೇ ನನ್ನ ಮನೆ. ಶುಕ್ರವಾರ ಡೈರಿಗೆ ಹಾಲು ಹಾಕಿದವಳು ಮನೆಗೆ ವಾಪಸ್ ಹೋಗದೆ ಹಾಗೇ ಬಸ್ಸು ಹತ್ತಿಬಿಡು. ಬಟ್ಟೆ ಬೇಡ, ಇಲ್ಲಿ ತೆಗೆದಿಟ್ಟಿದ್ದೇನೆ. ಈಗ ಮಂಚ ಎರಡಿವೆ. ಕ್ಯಾಲೆಂಡರ್ ತರಬೇಡ.

ನಿನ್ನ ದಾರಿ ಕಾಯುತ್ತಾ,
ತನುಜ

ಮರೆತಿದ್ದೆ: ಸಂಕ್ರಾಂತಿಗೆ ಎಳ್ಳು ಕೊಡಲು ಬಂದಾಗ, ನೀನು ಟೀ ಕಾಸುತ್ತಿದ್ದ ಹೊತ್ತಿಗೆ ಉಗ್ರಾಣದ ಪಕ್ಕದ ಹೊಸ ಕ್ಯಾಲೆಂಡರ್ ಎತ್ತಿ ನೋಡಿದೆ, ಈ ವರ್ಷದ್ದೇ. ಮಣ್ಣು ಇನ್ನೂ ಹಸಿಯಾಗಿತ್ತು, ಒಳಗೆ ನಿನ್ನ ಹಸಿರು ಬಳೆಯ ಚೂರು ಚುಚ್ಚಿಕೊಂಡಿತ್ತು. ಕೊಟ್ಟಿಗೆಯಲ್ಲಿ ಜಾರಿ ಬಿದ್ದೆ ಅಂತ ಕೈಗೆ ಕಟ್ಟು ಹಾಕಿಕೊಂಡು ನನಗೇ ಹೇಳಿದೆಯಲ್ಲಮ್ಮ. ಗುರುವಾರವೇ ಅಪ್ಪನಿಗೆ ಸುಳಿವು ಸಿಕ್ಕಿ ಬಾಗಿಲಿಗೆ ಅಡ್ಡ ನಿಂತರೆ ಅಂತ, ಶ್ಯಾಮಲಮ್ಮ ಕೊಡುವ ಚೀಲದಲ್ಲಿ ತೆಂಗಿನಕಾಯಿಯ ಕೆಳಗೆ ಸುತ್ತಿಗೆ ಇಟ್ಟಿದ್ದೇನೆ. ಊರಿದ ಕಾಲು ನೋಡಿ ಹೊಡೆ. ಮೊಳೆ ಕಳಿಸಿಲ್ಲ.