ಮುತ್ತೈದೆ ಸಾವು ನನಗೆ ಬೇಡ

ರಾಯದುರ್ಗ,
9 ನವೆಂಬರ್ 2025, ಭಾನುವಾರ

ಪ್ರೀತಿಯ ಪಾಲೂ,

ಯುಗಾದಿಗೆ ನೀನು ಬರೆದ ಕಾಗದಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಪರವಾಗಿಲ್ಲ. ಆದರೆ ಮೊದಲು ಒಂದು ಲೋಟ ನೀರು ಕುಡಿದು ಕೂತುಕೋ, ಕಾಗದ ಉದ್ದವಿದೆ. ನಿನ್ನ ಮಂಡಿನೋವು ಹೇಗಿದೆ? ಮಡಕಶಿರದಲ್ಲಿ ಮಳೆ ಆಯಿತಂತೆ, ಇಲ್ಲಿ ಬರೀ ಗಾಳಿ. ಫೋನಿದೆಯಲ್ಲ, ಬರೆಯುವುದೇಕೆ ಎನ್ನಬೇಡ. ಫೋನಿನಲ್ಲಿ ನನಗೆ ಸುಳ್ಳು ಸಲೀಸಾಗಿ ಬರುತ್ತದೆ. ಆಗಸ್ಟಿನಲ್ಲಿ ಆಸ್ಪತ್ರೆಯಿಂದ ಮಾತಾಡಿದಾಗಲೂ ನಿನಗೆ ಸುಳ್ಳನ್ನೇ ಹೇಳಿದೆ.

ನಾನು ಬಿದ್ದ ಸುದ್ದಿ ನಿನಗೆ ಗೊತ್ತು. ಮಾಳಿಗೆ ಮೇಲೆ ಬಟ್ಟೆ ಒಣಹಾಕಲು ಹೋದವಳಿಗೆ ಕಣ್ಣು ಕತ್ತಲೆ ಬಂತು. ಎಚ್ಚರಾದದ್ದು ಬಳ್ಳಾರಿಯ ಆಸ್ಪತ್ರೆಯಲ್ಲಿ. ಎದೆಬಡಿತ ನಿಮಿಷಕ್ಕೆ ಮೂವತ್ತಾರಕ್ಕೆ ಇಳಿದಿತ್ತಂತೆ. ನನ್ನ ಮೊಮ್ಮಗಳು, ನಮ್ಮ ಬಸವರಾಜೇಶ್ವರಿಯ ಮಗಳು ಗಂಗೋತ್ರಿ ಅಲ್ಲೇ ನರ್ಸು. "ಟೀಚರಜ್ಜಿ, ಮೂವತ್ತೈದಕ್ಕ ಪಾಸು. ಒಂದು ಮಾರ್ಕು ಜಾಸ್ತೀನ ಬಂದದ ಬಿಡು" ಎಂದು ನಗಿಸಿ, ಆಚೆ ಹೋಗಿ ಅತ್ತಳು.

ಡಾಕ್ಟರಮ್ಮನೂ ಚಿಕ್ಕ ಹುಡುಗಿ. "ಅಜ್ಜಿ, ಎದಿ ಹತ್ರ ಚರ್ಮದ ಕೆಳಗ ಸಣ್ಣ ಮಿಷನ್ ಇಡ್ತೀವಿ, ಅದು ಬಡಿತ ತಪ್ಪದಂಗ ನೋಡ್ಕೊಂತದ. ಬ್ಯಾಟರಿ ಹತ್ತು ಹನ್ನೆರಡು ವರ್ಷ ಬರ್ತದ. ಮುಗಿದ ಮ್ಯಾಲೆ ಬರ್ರಿ, ಹೊಸದು ಹಾಕೋಣ" ಎಂದಳು.

"ಆವಾಗ ನನಗೆ ಎಂಬತ್ತಾರು ಕಣಮ್ಮಾ!"

"ಹೌದ್ರಿ, ಅದಕ್ಕೇನೀಗ? ತೊಂಬತ್ತು ದಾಟಿದೋರು ನಡಕೊಂತ ಬರ್ತಾರ ಇಲ್ಲಿಗೆ. ಇನ್ನು ಸ್ವಲ್ಪ ದಿನಕ್ಕ ನೂರು ವರ್ಷದೋರು ಅಂದ್ರ ಯಾರೂ ತಿರುಗಿ ಸುದ್ದಾ ನೋಡಂಗಿಲ್ಲ."

ನಾನು ಬೇಡ ಎಂದೆ. ಮಗಳು ಅತ್ತಳು, ಮಗ ರಾಮಾಂಜಿನೇಯ ಸಿಟ್ಟಾದ. ಎಲ್ಲರಿಗೂ ಒಂದೇ ಪಾಠ ಒಪ್ಪಿಸಿದೆ: ಬಾಳಿದ್ದು ಸಾಕು. ನಿನಗೂ ಅದನ್ನೇ ಹೇಳಿದೆ. "ಸಾಕು ಅನ್ನೋದು ಊಟದ ಎಲೆ ಮುಂದೆ ಕಣೆ ಉಜ್ಜಿ, ಆಸ್ಪತ್ರೇಲಲ್ಲ. ಸುಮ್ಕೆ ಮಾಡಿಸ್ಕೋ" ಎಂದು ನೀನು ಗದರಿದೆ. ಐವತ್ತೈದು ವರ್ಷದ ಹಿಂದೆ ಟ್ರೇನಿಂಗಿನಲ್ಲಿ ಒಂದೇ ಕೋಣೆ ಹಂಚಿಕೊಂಡಾಗಲೂ ಹೀಗೇ ಗದರುತ್ತಿದ್ದೆ.

ನಿಜ ಬೇರೆ ಇತ್ತು. ನಮ್ಮವರಿಗೆ ಎಂಬತ್ತೆರಡು, ಬಿ.ಪಿ. ಬೇರೆ. ನನಗೆ ಹನ್ನೆರಡು ವರ್ಷ ಸಿಕ್ಕಿದರೆ ಅವರಿಗೂ ಸಿಗುತ್ತದೆಯೇ? ಸಿಗದಿದ್ದರೆ? ಹಣೆ ಬರಿದು, ಕೈ ಬರಿದು, ಶುಭಕಾರ್ಯದ ದಿನ ಗೋಡೆಬದಿಗೆ ಸರಿದು ನಿಲ್ಲುವ ವರ್ಷಗಳು. ಅದಕ್ಕಿಂತ ಈಗಲೇ ಹೂವು ಕುಂಕುಮದ ಜೊತೆ ಹೋಗಿಬಿಟ್ಟರೆ ಊರೆಲ್ಲ "ಪುಣ್ಯವಂತೆ, ಮುತ್ತೈದೆ ಸಾವು" ಎನ್ನುತ್ತದೆ. ಸಾವಿಗೆ ನಾನು ಹೆದರಿರಲಿಲ್ಲ ಪಾಲೂ. ನಿನ್ನಂತೆ ಆಗುವುದಕ್ಕೆ ಹೆದರಿದ್ದೆ. ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ಇದನ್ನು ಪತ್ತೆ ಹಚ್ಚಿದ್ದು ನಮ್ಮವರೇ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಐವತ್ತೆರಡು ವರ್ಷ ಹೇಳಿರಲಿಲ್ಲ. ಉಚ್ಚಂಗೆಪ್ಪ. ನೋಡು, ಬರೆದೆ. ಪಡಸಾಲೆಯಲ್ಲಿ ಎಲೆ‌ಅಡಿಕೆ ಕುಟ್ಟುತ್ತಿದ್ದಾರೆ, ಏನೂ ಆಗಿಲ್ಲ!

ಎಲ್ಲರನ್ನೂ ಹೊರಗೆ ಕಳಿಸಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಶುರು ಮಾಡಿದರು: "ಪ್ರತಿ ಶುಕ್ರವಾರ ದೇವರ ಮುಂದ ನಿಂತು, ನನ್ನನ್ನ ಮುತ್ತೈದೆಯಾಗಿ ಕರಕೋ ಅಂತೀ. ನನಗೇನು ಕಿವಿ ಇಲ್ಲೇನು? ಅಂದ್ರ ಏನದರ ಅರ್ಥ? ಇವನೊಬ್ಬನ್ನ ಬಿಟ್ಟು ನಾ ಮುಂದ ಹೋಗ್ತೀನಿ ಅಂತ. ನನ್ನ ಒಂದು ಮಾತು ಕೇಳೀಯೇನು? ನಾನೇನು ಪಾಪ ಮಾಡೀನಿ?"

ಇಷ್ಟು ವರ್ಷ ನನ್ನ ಹಣೆಯ ಬಗ್ಗೆ ಯೋಚಿಸಿದ್ದೆನೇ ಹೊರತು, ಹಿಂದೆ ಉಳಿಯುವ ಮನುಷ್ಯನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

"ನಾ ಮೊದ್ಲು ಹೋದ್ರ ನೀ ಕುಂಕುಮ ಹಚ್ಚು, ಹೂ ಮುಡಿ. ಯಾರರ ಬ್ಯಾಡ ಅಂದ್ರ, ಉಚ್ಚಂಗೆಪ್ಪ ಹೇಳಿ ಹೋಗ್ಯಾನ ಅನ್ನು. ಈಗ ಸೈನ್ ಹಾಕು" ಎಂದು ಆಸ್ಪತ್ರೆಯ ಒಪ್ಪಿಗೆ ಕಾಗದ, ಪೆನ್ನು ಚಾಚಿದರು.

ಹಾಕಿದೆ, ಇಂಗ್ಲಿಷಿನಲ್ಲಲ್ಲ, ಅಚ್ಚಗನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ.

ಒಂದು ಗಂಟೆಯ ಕೆಲಸ ಅಷ್ಟೆ. ಪೂರ್ತಿ ಎಚ್ಚರವಿದ್ದೆ. ಮುಗಿದ ಕೂಡಲೇ ಗಂಗೋತ್ರಿ ಪರದೆ ನೋಡಿ "ಎಪ್ಪತ್ತು ಅಜ್ಜಿ! ಫಸ್ಟ್ ಕ್ಲಾಸು!" ಎಂದು ಕೂಗಿದಳು. ಅಯ್ಯೋ ಪಾಲೂ, ಆ ಸುಖವನ್ನು ಹೇಗೆ ಬರೆಯಲಿ? ಎಷ್ಟೋ ತಿಂಗಳಿಂದ ಮುಚ್ಚಿದ್ದ ಕಿಟಕಿ ತೆಗೆದ ಹಾಗಿತ್ತು. ಮೂರನೇ ದಿನ ಮನೆಗೆ ಬಂದು ನಾನೇ ರೊಟ್ಟಿ ತಟ್ಟುತ್ತೇನೆಂದು ಹೋಗಿ, ಮಗಳ ಕೈಲಿ ಬೈಸಿಕೊಂಡೆ.

ಪಕ್ಕದ ಮನೆ ಲಕ್ಷ್ಮಿದೇವಿ ನೋಡಲು ಬಂದಳು. ಅರಿಶಿನ ಕುಂಕುಮ ಕೊಟ್ಟರೆ, ನನಗಿಂತ ಎರಡು ವರ್ಷ ದೊಡ್ಡವಳೆಂಬ ಹಕ್ಕಿನಲ್ಲಿ ಕೈಯೆತ್ತಿ "ಆ ತಾಯಿ ನಿನಗ ಮುತ್ತೈದೆ ಸಾವು ಕೊಡಲವ್ವ" ಎಂದಳು.

"ಬ್ಯಾಡವ್ವ! ಅದನ್ನ ವಾಪಸ್ ತಗೋ. ನೂರು ವರ್ಷ ಇರು ಅನ್ನು" ಎಂದೆ.

ಅವಳು ಕಕ್ಕಾಬಿಕ್ಕಿ. ನಮ್ಮವರು ಒಳಗಿನಿಂದಲೇ, "ಲಕ್ಷ್ಮಿದೇವೀ, ಅನ್ನವ್ವ ಅನ್ನು. ಇಲ್ಲಾಂದ್ರ ಬಿಡಂಗಿಲ್ಲ ಆಕಿ" ಎಂದರು. ಅಂದಳು, ಪಾಪ. ಹೋಗುವಾಗ ತನಗೂ ಹಾಗೆ ಅನ್ನೆಂದು ನನ್ನ ಕಾಲಿಗೆ ಬಂದಳು!

ಕಾರ್ತೀಕದ ಮೊದಲ ಶನಿವಾರ ನೇಮಕಲ್ಲಿನ ಆಂಜನೇಯನ ಹತ್ತಿರ ಹೋಗಿದ್ದೆವು. ಹನ್ನೊಂದು ಪ್ರದಕ್ಷಿಣೆ ಪಾಲೂ, ಒಂದೂ ಕಡಿಮೆಯಿಲ್ಲ. ನಮ್ಮವರು ಮೂರಕ್ಕೇ ಕಟ್ಟೆ ಹಿಡಿದು, ನನ್ನ ಸುತ್ತುಗಳನ್ನು ಎಣಿಸುತ್ತ ಕೂತರು. ಹನ್ನೊಂದನೆಯದಕ್ಕೆ ಅವರೇ ಚಪ್ಪಾಳೆ ತಟ್ಟಿದಾಗ ಪೂಜಾರಿಯೂ ನಕ್ಕ. ಗೆದ್ದೆ ಕಣೆ. ಸಣ್ಣ ಹುಡುಗಿಯ ಹಾಗೆ ಗೆದ್ದೆ.

ಗಂಗೋತ್ರಿ ಫೋನಿನಲ್ಲಿ ಏನೇನೋ ಓದಿ ಹೇಳುತ್ತಾಳೆ. ಮುಂದೆ ನೂರಿಪ್ಪತ್ತು ವರ್ಷ ಬದುಕುವ ಔಷಧ ಹುಡುಕುತ್ತಿದ್ದಾರಂತೆ. "ನೂರಿಪ್ಪತ್ತಾ? ಈಕಿ ಜೋಡಿನಾ?" ಎಂದು ನಮ್ಮವರು ತಲೆ ಮೇಲೆ ಕೈ ಹೊತ್ತರು. ಎಲ್ಲರೂ ನಕ್ಕೆವು. ನನಗೆ ಮಾತ್ರ ಆಮೇಲೂ ಅದೇ ಯೋಚನೆ. ಆಯುಸ್ಸು ಹೆಚ್ಚಿದಂತೆ ಹೆಂಗಸರಿಗೆ ಸಿಗುವುದು ಬಹುಪಾಲು ಒಂಟಿ ವರ್ಷಗಳೇ. ಆ ವರ್ಷಗಳನ್ನೆಲ್ಲ ಗೋಡೆಬದಿಯಲ್ಲಿ ನಿಂತು ಕಳೆಯಬೇಕೆಂದರೆ, ಡಾಕ್ಟರುಗಳು ಅಷ್ಟು ಕಷ್ಟಪಟ್ಟು ಕೊಟ್ಟು ಏನು ಬಂತು? ನೀನು ಮೂವತ್ತಮೂರು ವರ್ಷ ಹಾಗೆ ನಿಂತೆ. ನಿಂತುಕೊಂಡೇ ಮಗನನ್ನು ಬೆಳೆಸಿದೆ, ಸಾವಿರ ಮಕ್ಕಳಿಗೆ ಕನ್ನಡ ಕಲಿಸಿದೆ.

ಈಗ ಮುಖ್ಯ ಸುದ್ದಿ. ಮಾಘದಲ್ಲಿ ಗಂಗೋತ್ರಿಯ ಮದುವೆ. ತಾಳಿಯ ತಟ್ಟೆಯನ್ನು ಮುತ್ತೈದೆಯರ ಕೈಗೆ ಮುಟ್ಟಿಸಿಕೊಂಡು ಬರುತ್ತಾರಲ್ಲ, ಈ ಸಲ ಮೊದಲು ಮುಟ್ಟಬೇಕಾದವಳು ನೀನು. ನಾನು ಹೇಳಿದ ಕೂಡಲೇ ಗಂಗೋತ್ರಿ "ಪಾಲಮ್ಮಜ್ಜಿ ಬರೋ ತನಕ ನಾ ಹಸೆಮಣಿ ಹತ್ತಂಗಿಲ್ಲ" ಎಂದಿದ್ದಾಳೆ. ಬೀಗರಲ್ಲಿ ಯಾರೋ ಗೊಣಗಿದರು. ನಮ್ಮವರು ಕೋಲು ಊರಿಕೊಂಡೇ ಹೋಗಿ ಮಾತಾಡಿ ಒಪ್ಪಿಸಿ ಬಂದರು.

ನಿನ್ನ ಮಗ ಪೆದ್ದಣ್ಣನಿಗೆ, ಸೊಸೆಗೆ, ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೂ ಆಶೀರ್ವಾದ ಮಾಡುತ್ತೇನೆ, ನಾಲ್ಕು ತಿಂಗಳಾದರೂ ದೊಡ್ಡವಳಲ್ಲವೇ ನಾನು? ನೂರು ವರ್ಷ ಇರು, ಎಲ್ಲರ ಮುಂದೆ ಇರು.

ನಿನ್ನ,
ಉಜ್ಜಿ

ತಾ.ಕ.: ಇದನ್ನು ಬರೆಯದೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಬಸವರಾಜೇಶ್ವರಿಯ ಮದುವೆಯ ದಿನ ನಿನ್ನನ್ನು ಉಗ್ರಾಣದಲ್ಲಿ ಕೂರಿಸಿ, "ತಾಳಿ ಕಟ್ಟೋ ತನಕ ಹೊರಗೆ ಬರಬೇಡ, ಅತ್ತೆ ಹೇಳಿದ್ದಾರೆ" ಎಂದೆನಲ್ಲ. ಅತ್ತೆ ಹೇಳಿರಲಿಲ್ಲ. ಅಕ್ಷತೆಯ ಹೊತ್ತಿಗೆ ಅವರು ನನ್ನನ್ನು ಹುಡುಕಿಕೊಂಡು ಬಂದು, "ಪಾಲಮ್ಮ ಟೀಚರ್ ಎಲ್ಲಿ? ಕರಿಯವ್ವ, ಆಕಿ ಕೈ ಒಳ್ಳೇದು" ಎಂದರು. ಬಸ್ಸಿಗೆ ಹೋದಳು ಎಂದೆ. ಉಗ್ರಾಣದ ಬಾಗಿಲ ಮುಂದೆ ನಿಂತೇ ಅಂದೆ. ನೀನು ಆಮೇಲೆ ಊಟ ಮಾಡಿ, ನಗುನಗುತ್ತಲೇ ಮಗಳಿಗೆ ರೇಷ್ಮೆ ಸೀರೆ ಕೊಟ್ಟು ಹೋದೆ. ಮತ್ತೆ ಮೂವತ್ತು ವರ್ಷ ರಾಯದುರ್ಗಕ್ಕೆ ಕಾಲಿಡಲಿಲ್ಲ. ನಾನು ಅಂದದ್ದು ನಿನಗೆ ಕೇಳಿಸಿತ್ತೇ ಪಾಲೂ? ಕೇಳಿಸಿದ್ದರೆ ಬಂದು ಬೈ. ಕೇಳಿಸದಿದ್ದರೆ ಈಗ ಓದಿದೆಯಲ್ಲ, ಬಂದು ಬೈ. ಬಾ.